ಹನ್ನೆರಡು ಮನೆಯ ಎಚ್ಚರ

ತಿಗನಾರೆಯಲ್ಲಿ ಅಂಥ ಗೊರಕೆಯನ್ನು ಯಾರೂ ಕೇಳಿರಲಿಲ್ಲ. ಜೀರಹಳ್ಳಿ ಕಾಡಿನ ಹುಲಿ ಕೇಳಿದ್ದರೆ ನಾಚಿ ಬಾಲ ಮಡಚಿಕೊಳ್ಳುತ್ತಿತ್ತು. ಬಿಸಿಲು ಮೂರಾಳೆತ್ತರ ಏರಿದ್ದರೂ ರುದ್ರಸ್ವಾಮಿ ಕಾವಲಿನ ಅಟ್ಟಣೆಯ ಮೇಲೆ ಬಿದ್ದುಕೊಂಡಿದ್ದ. ಕೆಳಗೆ ಹನ್ನೊಂದು ಮನೆಯ ಗಂಡಸರು ನಿಂತಿದ್ದರು. ಅವರ ಹಿಂದೆ, ಅವನ ದೊಡ್ಡಪ್ಪನ ಮಗ ವೃಷಭೇಂದ್ರನ ರಾಗಿ ಹೊಲ ರಾತ್ರಿ ಆನೆ ನುಗ್ಗಿ ರೋಲರ್ ಓಡಿಸಿದ ಹಾಗೆ ಮಲಗಿತ್ತು. ಬಂದದ್ದು ಮೂರೇ ಆನೆ. ಮಧ್ಯಾಹ್ನದೊಳಗೆ ಊರವರ ಬಾಯಲ್ಲಿ ಅವು ಮೂವತ್ತಾಗಲಿದ್ದವು.

ಕಾವಲು ಮನೆಗೊಂದು ರಾತ್ರಿಯ ಸರದಿ. ಆದರೆ ಮೂರು ವರ್ಷದ ಹಿಂದೆ ಹುಣಸೆಮರದಿಂದ ಬಿದ್ದಾಗಿನಿಂದ ರುದ್ರಸ್ವಾಮಿಯ ಸೊಂಟದೊಳಗೆ ಕಮ್ಮಾರನೊಬ್ಬ ಕುಲುಮೆ ಹೂಡಿದ್ದ. ಮಗ್ಗುಲಾದರೆ ಸುತ್ತಿಗೆ, ಎದ್ದರೆ ಇಕ್ಕಳ. ನಿದ್ದೆ ಊರು ಬಿಟ್ಟಿತ್ತು. ಹೇಗೂ ಎದ್ದಿರುವವನು ಮನೆಯ ಸೂರು ನೋಡುವ ಬದಲು ಹೊಲ ನೋಡಲಿ ಎಂದು ಒಬ್ಬೊಬ್ಬರೇ ತಮ್ಮ ಸರದಿಯನ್ನು ಅವನಿಗೆ ಗಂಟುಹಾಕಿದರು.

ಚಾಮರಾಜನಗರದ ಡಾಕ್ಟರು ಬೇರೆಯೇ ಹೇಳಿದ್ದರು: ನೋವು ನಿದ್ದೆಯನ್ನು ತಿನ್ನುತ್ತದೆ, ನಿದ್ದೆಗೆಟ್ಟ ಮೈಯಲ್ಲಿ ನೋವು ಕೊಬ್ಬುತ್ತದೆ; ಮೊದಲು ರಾತ್ರಿ ಮಲಗುವ ದಾರಿ ನೋಡು. ಸರದಿ ವಾಪಸು ತಗೊಳ್ಳಿ ಎಂದು ಅವನು ಹನ್ನೊಂದು ಬಾಗಿಲಿಗೂ ಹೋದ. ಮಲಗಿದರೆ ನಿದ್ದೆ ಬರುತ್ತದೆಂದು ಯಾರು ಕಂಡರು ಎಂದು ಹನ್ನೊಂದು ಮನೆಯೂ ನಕ್ಕಿತ್ತು.

ಈಗ ಏಣಿಗೆ ಅಡ್ಡ ಅವನ ಹೆಂಡತಿ ಪರಿಮಳ ನಿಂತಿದ್ದಳು.

"ಎಬ್ಬಿಸ್ಬ್ಯಾಡಿ ಬಾವ. ಮೂರು ವರ್ಸಕ್ಕೆ ಇದೇ ಮೊದ್ಲು. ಎದ್ಮ್ಯಾಲೆ ಏನಾರ ಅನ್ನಿ."

"ಕುಂಭಕರ್ಣಂಗೆ ನೀನು ಕಾವ್ಲಾ?" ಎಂದ ವೃಷಭೇಂದ್ರ. "ಅವ ಮನೀಕಂಡ, ನನ್ನ ಒಲ ಓಯ್ತು."

"ಮೂರು ವರ್ಸ ನೀವು ಮನೀಕಂಡ್ರಿ. ಆಗ ಓಗಿತ್ತಾ?"

ವೃಷಭೇಂದ್ರ ಆನೆ ಓಡಿಸುವ ತಗಡಿನ ಡಬ್ಬ ಎತ್ತಿಕೊಂಡು ಬಡಿದ. ತಾಳವಾಡಿಯಲ್ಲಿ ನಿಂತಿದ್ದ ಸತ್ಯಮಂಗಲದ ಬಸ್ಸು ಬೆಚ್ಚಿರಬೇಕು. ಗೊರಕೆ ನಿಂತಿತು. ಅಟ್ಟಣೆಯ ಅಂಚಿಗೆ ಬಂದ ಮುಖ ಹಾಲು ಕುಡಿದ ಮಗುವಿನದಾಗಿತ್ತು.

"ನೋವಿಲ್ಲ ಕಣಮ್ಮಿ," ಎಂದ ಹೆಂಡತಿಗೆ, ಬೇರೆ ಯಾರನ್ನೂ ನೋಡದೆ.

ಏಣಿಗೆ ಕಾಲಿಟ್ಟ. ಎರಡನೇ ಮೆಟ್ಟಿಲಲ್ಲಿ ಹೊಲ ಕಂಡಿತು; ಮೂರನೆಯದರಲ್ಲಿ ಕಮ್ಮಾರ ಎದ್ದು ಕೂತ. ಉಳಿದ ಮೆಟ್ಟಿಲುಗಳನ್ನು ಹಲ್ಲು ಕಚ್ಚಿ, ಒಂದೊಂದು ಯುಗಕ್ಕೊಂದರಂತೆ ಇಳಿದ.

ಇನ್ನು ಮುಂದೆ ಗಂಟೆಗೊಂದು ಸಲ ಡಬ್ಬ ಬಡಿಯಬೇಕೆಂದು ತೀರ್ಮಾನವಾಯಿತು.

"ಸದ್ದು ಕೇಳುದ್ರೆ ನೀ ಎದ್ದಿದ್ದೀಯ ಅಂತ ನಾವು ನೆಮ್ದಿಯಾಗಿ ಮನೀಕತೀವಿ ಕಣ್ಲಾ," ಎಂದ ವೃಷಭೇಂದ್ರ, ಈಗ ಅಕ್ಕರೆಯಿಂದಲೇ.

ರುದ್ರಸ್ವಾಮಿ ತಲೆಯಾಡಿಸಿದ.

ಗಂಡಸರು ಹೋದ ಮೇಲೆ ಪರಿಮಳ ಮೇಲೆ ಹತ್ತಿದಳು. ಕಂಬಳಿಯಲ್ಲಿ ಅವನು ಮಲಗಿದ್ದ ತಗ್ಗು ಹಾಗೇ ಇತ್ತು. ಕೈಯಿಟ್ಟಳು, ಇನ್ನೂ ಬೆಚ್ಚಗಿತ್ತು. ಅದು ಆರುವ ತನಕ ಅಲ್ಲೇ ಕೂತಿದ್ದಳು.