ಬಿಳಿ ಹೊಗೆ ನಿಂತ ಮೇಲೆ

ಬೋರ್ಗಿಲ್ಡಳ ಕುರಿಗಳು ಮೇವು ಬಿಟ್ಟಿದ್ದವು. ಬಾಯಿಗೆ ಹಾಕಿಕೊಂಡ ಹುಲ್ಲು ಹಾಗೇ ಉದುರುತ್ತಿತ್ತು. ತೊರೆಯ ಹತ್ತಿರ ಬಿಟ್ಟರೆ ನೀರು ಹೀರುತ್ತಿರಲಿಲ್ಲ, ನಾಯಿಗಳ ಹಾಗೆ ನಾಲಿಗೆಯಲ್ಲಿ ನೆಕ್ಕುತ್ತಿದ್ದವು. ಹುಳದ ಔಷಧಿ ಕುಡಿಸಿದ್ದಾಯಿತು, ಉಪ್ಪು ನೆಕ್ಕಿಸಿದ್ದಾಯಿತು. ಏನು ಮಾಡಿದರೂ ಎಲುಬು ಎದ್ದು ಕಾಣುವುದು ನಿಲ್ಲಲಿಲ್ಲ. ಗಂಡ ಹೋದ ಮೇಲೆ ಆ ಮಂದೆಯೊಂದೇ ಅವಳ ಬದುಕಾಗಿತ್ತು.

ಪಶುವೈದ್ಯೆ ಸಿನ್ನೋವೆ ಬಂದವಳೇ ಒಂದು ಎಳೆಯ ಕುರಿಯ ತುಟಿ ಸರಿಸಿ ನೋಡಿದಳು. ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಒಸಡಿನವರೆಗೆ ಸವೆದಿದ್ದವು.

"ಇದು ಹುಳದ ಕಾಟ ಅಲ್ಲ ಬೋರ್ಗಿಲ್ಡಕ್ಕ. ಫ್ಲೋರೈಡ್ ಅನ್ನೋ ವಿಷ. ಹುಲ್ಲಿನ ಮೇಲೆ ಕೂತಿದೆ, ಹುಲ್ಲಿನ ಜೊತೆ ಹೊಟ್ಟೆಗೆ ಹೋಗಿದೆ."

"ಹುಲ್ಲಿಗೆಲ್ಲಿಂದ ಬಂತು?"

ಸಿನ್ನೋವೆ ಕಡಲ ದಂಡೆಯ ಅಲ್ಯೂಮಿನಿಯಂ ಕಾರ್ಖಾನೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ಅಯ್ಯೋ, ಸುಮ್ನಿರಿ ಡಾಕ್ಟ್ರೇ!" ಎಂದಳು ಬೋರ್ಗಿಲ್ಡ್. "ಬೆಳ್ಳಗೆ ಮೋಡದ ಹಾಗೆ ಹೊಗೆ ಏಳ್ತಿದ್ದಾಗ ನನ್ ಕುರಿಗಳು ಗುಂಡುಗುಂಡಗಿದ್ವು. ಈಗ ಚಿಮಣಿ ಮೇಲೆ ಏನಿದೆ ಹೇಳಿ? ಕಣ್ಣಿಗೆ ಕಾಣೋ ಹಾಗೆ ಒಂದೆಳೆ ಹೊಗೆ ಇಲ್ಲ!"

ಅವಳ ಮಾತಿಗೂ ಕಾರಣವಿತ್ತು. ದೂರದ ಉತ್ತರ ದೇಶದ ಆ ಊರು ಎರಡು ಬೆಟ್ಟಗಳ ನಡುವಿನ ಸಂದಿಯಲ್ಲಿದೆ. ಚಳಿಗಾಲವಿಡೀ ಸೂರ್ಯ ಬೆಟ್ಟ ದಾಟಿ ಇಣುಕುವುದಿಲ್ಲ. ಅವನು ಮತ್ತೆ ಮುಖ ತೋರಿಸುವ ದಿನ ಊರವರೆಲ್ಲ ಇಗರ್ಜಿಯ ಮೆಟ್ಟಿಲ ಮೇಲೆ ಸೇರಿ 'ಸೂರ್ಯನ ಬನ್ನು' ತಿನ್ನುತ್ತಾರೆ. ಪ್ರತಿವರ್ಷ ಅದೇ ಹೊತ್ತಿಗೆ ಚಿಮಣಿಯ ಬಿಳಿ ಮೋಡ ಅಡ್ಡ ಬಂದು ಆ ಚೂರು ಬಿಸಿಲನ್ನೂ ನುಂಗುತ್ತಿತ್ತು. ಊರಿಗೆ ಊರೇ ಶಾಪ ಹಾಕುತ್ತಿತ್ತು. ಹೋದ ಎರಡು ವರ್ಷ ಮಾತ್ರ ಮೋಡವೇ ಇಲ್ಲ, ಮುಖದ ತುಂಬ ಬಿಸಿಲು! ಮೊದಲ ಬನ್ನನ್ನು ಬೋರ್ಗಿಲ್ಡ್ ತನ್ನ ತಮ್ಮ ಟೋರ್ಲೈಫನ ಬಾಯಿಗೇ ಇಟ್ಟಿದ್ದಳು. ಕಾರ್ಖಾನೆಯಲ್ಲಿ ಹೊಗೆ ತೊಳೆಯುವ ಗೋಪುರವನ್ನು, ಅವರು ಸ್ಕ್ರಬ್ಬರ್ ಅನ್ನುವುದನ್ನು, ನೋಡಿಕೊಳ್ಳುವವನು ಅವನೇ.

ಆ ಟೋರ್ಲೈಫ್ ಅಲ್ಲೇ ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತಿದ್ದ. ಸಿನ್ನೋವೆ ಅವನತ್ತ ತಿರುಗಿದಳು.

"ಆ ಬಿಳಿ ಏನು ಅಂತ ನಿಮ್ಮಕ್ಕಂಗೆ ನೀನೇ ಹೇಳಪ್ಪ."

"ನೀರಾವಿ," ಎಂದ ಅವನು ನೆಲ ನೋಡುತ್ತ. "ಗೋಪುರದೊಳಗೆ ಮೇಲಿಂದ ಸಮುದ್ರದ ನೀರು ಚಿಮ್ಮತ್ತೆ. ವಿಷಾನೆಲ್ಲ ತೊಳ್ದು ಕೆಳಗಿಳಿಸತ್ತೆ. ಮೇಲೆ ಕಾಣ್ತಿದ್ದಿದ್ದು ಬರೀ ಆವಿ."

"ಹಾಗಾದ್ರೆ ಈಗ ಯಾಕೆ ಕಾಣಲ್ವೋ?"

"ನೀರು ಸಾಲ್ತಿಲ್ಲ ಅಕ್ಕಾ. ಕೊಳವೆಲೆಲ್ಲ ಕಪ್ಪೆಚಿಪ್ಪು ಬೆಳ್ಕೊಂಡಿದೆ. ಚಿಮ್ಮೋ ನಳಿಕೆಗಳಲ್ಲಿ ಅರ್ಧಕ್ಕರ್ಧ ಕಟ್ಕೊಂಡಿವೆ. ಒತ್ತಡ ತೋರಿಸೋ ಮುಳ್ಳು ಇಳ್ದಿದ್ದು ನಂಗೆ ಗೊತ್ತಿತ್ತು. ತೊಳ್ಯೋದಕ್ಕೆ ಕೆಲಸ ನಿಲ್ಲಿಸ್ಬೇಕು, ಮೇಲಿನವ್ರು ಆಮೇಲೆ ನೋಡೋಣ ಅಂದ್ರು. ಊರವ್ರು ಭೇಷ್ ಅಂದ್ರು. ನೀನೂ ಬನ್ನು ತಿನ್ನಿಸ್ದೆ. ನಾನೂ ಸುಮ್ಮನಾದೆ."

"ತೊಳೀದೇ ಇರೋ ವಿಷಕ್ಕೆ ಬಣ್ಣ ಇಲ್ಲ ಅಕ್ಕ, ಅದಕ್ಕೇ ಕಾಣಲ್ಲ," ಎಂದಳು ಸಿನ್ನೋವೆ ಮೆಲ್ಲಗೆ.

ಬೋರ್ಗಿಲ್ಡಳಿಗೆ ತಮ್ಮನ ಕೆನ್ನೆಗೆ ಬಾರಿಸಬೇಕೆನಿಸಿತು, ಅತ್ತುಬಿಡಬೇಕೆನಿಸಿತು. "ಇವುಕ್ಕೆ ಔಷಧಿ?" ಎಂದಷ್ಟೇ ಕೇಳಿದಳು.

"ಸವೆದ ಹಲ್ಲು ಮತ್ತೆ ಬರಲ್ಲ. ಹಲ್ಲು ಮೂಡೋ ವಯಸ್ಸಲ್ಲೇ ಇದನ್ನ ತಿಂದ ಎಳೆಯವು ಹಸಿದೇ ಸಾಯ್ತವೆ. ಅದಕ್ಕಿಂತ ಮೊದಲೇ..." ಸಿನ್ನೋವೆ ಆ ಎಳೆಯ ಕುರಿಯ ಬೆನ್ನು ಸವರಿದಳು.

ಮರುದಿನ ಟೋರ್ಲೈಫ್ ಹಟ ಹಿಡಿದು ಕುಲುಮೆಗಳ ಕೆಲಸ ತಗ್ಗಿಸಿ ಗೋಪುರ ತೆರೆಸಿದ. ಕೈ ಹರಿದು ರಕ್ತ ಬರುವವರೆಗೂ ಚಿಪ್ಪು ಕೆರೆದ. ಅದೇ ವಾರ ಬೋರ್ಗಿಲ್ಡಳ ಎಳೆಯ ಕುರಿಗಳನ್ನು ಕಸಾಯಿಖಾನೆಯ ಲಾರಿಗೆ ಹತ್ತಿಸಿದರು. ಒಂದೊಂದನ್ನೂ ಅವಳೇ ಹೆಸರು ಹಿಡಿದು ಕರೆದಳು. ನಂಬಿ ಹತ್ತಿದವು. ಲಾರಿ ತಿರುವು ದಾಟುವ ಹೊತ್ತಿಗೆ ಚಿಮಣಿಯಿಂದ ಬಿಳಿ ಮೋಡ ದಪ್ಪಗೆ ಏಳತೊಡಗಿತ್ತು.

ಪಕ್ಕದ ಮನೆಯ ಓಡ್ನಿ ಬೇಲಿಯಾಚೆಯಿಂದ ಕೂಗಿದಳು. "ನೋಡ್ದೇನೇ, ಮತ್ತೆ ಶುರು! ನಿನ್ ತಮ್ಮಂಗೆ ಹೇಳಿ ನಿಲ್ಲಿಸ್ಬಾರ್ದಾ?"

"ಬೇಡ ಕಣೇ," ಎಂದಳು ಬೋರ್ಗಿಲ್ಡ್. "ಅದು ನಿಂತಿದ್ದಕ್ಕೇ ನಾನು ಹೀಗೆ ನಿಂತಿರೋದು."

ಕಾರ್ಖಾನೆಯ ಪಕ್ಕದಲ್ಲಿ ಬಾಳುವವರೇ, ಚಿಮಣಿ ನೋಡಿ ನೆಮ್ಮದಿಪಡಬೇಡಿ. ಒಳಗೆ ನೀರು ಸರಿಯಾಗಿ ಓಡುತ್ತಿದೆಯೇ, ನಳಿಕೆ ತೊಳೆದು ಎಷ್ಟು ದಿನವಾಯಿತು, ಹೊರಬರುವ ಗಾಳಿಯನ್ನು ಅಳೆದಿದ್ದೀರಾ ಎಂದು ಹೋಗಿ ಕೇಳಿ. ಅಲ್ಲೇ ದುಡಿಯುವವರೇ, ಮುಳ್ಳು ಇಳಿದ ದಿನವೇ ಬಾಯಿ ಬಿಡಿ, ನಾಳೆಗೆ ಇಡಬೇಡಿ. ಬೈಸಿಕೊಳ್ಳಬೇಕಾಗಬಹುದು. ಬೈಸಿಕೊಳ್ಳಿ. ಅರ್ಧ ಖಾಲಿಯಾದ ಕೊಟ್ಟಿಗೆ ಗುಡಿಸುವುದಕ್ಕಿಂತ ಅದು ವಾಸಿ.