ಪಂಕ್ತಿಗೆ ಹೋದ ಸೂಟ್‌ಕೇಸು

ನಾನು ಒಂದು ಸೂಟ್‌ಕೇಸು. ನೀಲಿ ಬಣ್ಣ, ಗಟ್ಟಿ ಮೈ, ಅಡಿಯಲ್ಲಿ ನಾಲ್ಕು ಚಕ್ರ. ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ ಹುಟ್ಟಿದವನಾದ್ದರಿಂದಲೋ ಏನೋ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಈ ಕಥೆ ಹೇಳುವಾಗಲೂ ಅದು ಇಳಿದಿಲ್ಲ.

ನನ್ನ ಮೊದಲ ಯಜಮಾನರು ದಾವಣಗೆರೆಯ ವಿಮಾ ಅಧಿಕಾರಿ ಗುರುಸಿದ್ದಪ್ಪನವರು. ಗೋವಾ, ಊಟಿ, ಅಂಡಮಾನ್ ಎಂದು ಹತ್ತು ವರ್ಷ ನನ್ನನ್ನು ಎಳೆದುಕೊಂಡು ತಿರುಗಿದರು. ಹೋದಲ್ಲೆಲ್ಲ ಬೇಕಾದ ಕಡೆ ಕೂತು ಉಂಡರು. ನೀನು ಯಾರು, ಎಂಥವನು ಎಂದು ಒಬ್ಬನೂ ಅವರನ್ನು ಕೇಳಲಿಲ್ಲ. ಅವರ ಮಂಡಿ ನೋವು ಹೆಚ್ಚಿದ ಮೇಲೆ, ಅವರ ಹೆಂಡತಿ ನನ್ನನ್ನು ತಮಗೆ ರವಿಕೆ ಹೊಲಿಯುವ ಇಂದುಮತಿಗೆ ಕೊಟ್ಟುಬಿಟ್ಟರು.

ಇಂದುಮತಿ ಹುಟ್ಟಿದ್ದು ಗಂಡಾಗಿ ಎಂದು ಊರು ಹೇಳುತ್ತದೆ. ಹೆಣ್ಣಾಗಿಯೇ ಹುಟ್ಟಿದೆ ಎಂದು ಅವಳು ಹೇಳುತ್ತಾಳೆ. ನಾನು ನಂಬುವುದು ಅವಳನ್ನು. ಮದುವೆ ಮನೆಗಳಿಗೆ ಮದುಮಗಳ ರವಿಕೆಯ ತೋಳು ಬಿಗಿಯೋ ಸಡಿಲವೋ ನೋಡಲು ಅವಳು ಬೇಕು, ಪಂಕ್ತಿಯಲ್ಲಿ ಕೂತು ಉಣ್ಣಲು ಬೇಡ. ಹಿತ್ತಲ ಬಾಗಿಲಲ್ಲಿ ಊಟದ ಪೊಟ್ಟಣ ಕೈಗಿಟ್ಟು, "ಮನೀಗೆ ಹೋಗಿ ಆರಾಮಾಗಿ ಉಣ್ಣವ್ವಾ" ಎನ್ನುತ್ತಾರೆ. ಎಂಥಾ ಬಣ್ಣದ ಮಾತು. ಅವಳು ಆ ಪೊಟ್ಟಣವನ್ನು ನನ್ನ ಮೇಲೇ ಬಿಚ್ಚಿಟ್ಟುಕೊಂಡು ಒಬ್ಬಳೇ ಉಣ್ಣುತ್ತಿದ್ದಳು.

ಹೀಗಿರುವಾಗ ಕೊಚ್ಚಿಯಿಂದ ದ್ವೀಪಗಳಿಗೆ ಹೋಗುವ ಹಡಗಿನ ಚಿತ್ರವೊಂದು ಅವಳ ಕೈಗೆ ಬಂತು. ಉದ್ದನೆಯ ಮೇಜು, ಸುತ್ತ ಊಟಕ್ಕೆ ಕೂತ ಸಂಸಾರಗಳು, ಕಿಟಕಿಯಾಚೆ ಸಮುದ್ರ.

"ಇಲ್ಲಿ ಕೂತು ಉಣ್ಬೇಕು ನಾನು," ಎಂದಳು. ದ್ವೀಪ ಬರೀ ನೆವ.

ಆರು ತಿಂಗಳು ತಯಾರಿ ನಡೆಯಿತು. ಈಜುವ ಉಡುಪನ್ನು ತಾನೇ ಹೊಲಿದುಕೊಂಡಳು. ದಿನಾ ನುಂಗುವ ಮಾತ್ರೆಗಳಿಗೆ ಡಾಕ್ಟರ ಚೀಟಿ ತಂದಳು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ ಅವಳು, ಹಾಗಾಗಿ ಹಡಗಿನವರಿಗೂ ಎಲ್ಲವನ್ನೂ ಮೊದಲೇ ಬರೆದು ಕೇಳಿದಳು. ತಾನು ಇಂಥವಳು, ಅರ್ಜಿಯಲ್ಲಿ ಗಂಡು ಹೆಣ್ಣು ಎರಡೇ ಖಾನೆ ಇದೆಯಲ್ಲ, ಮೈ ತಪಾಸಣೆಗೆ ಹೆಂಗಸರು ಇರುತ್ತಾರಾ, ಕ್ಯಾಬಿನ್ ಯಾರ ಜೊತೆ. ಅವಳು ಎಡವಿದ್ದು ಅಲ್ಲೇ.

ಉತ್ತರ ಬಹಳ ಮರ್ಯಾದೆಯಿಂದ ಬಂತು. ಹೊಸ ಖಾನೆ ಸೇರಿಸಿದ್ದೇವೆ, ಹೆಂಗಸರೇ ತಪಾಸಣೆ ಮಾಡುತ್ತಾರೆ, ಒಂಟಿ ಕ್ಯಾಬಿನ್ ಕೊಡುತ್ತೇವೆ. ಕೊನೆಯಲ್ಲಿ ಒಂದು ಸಾಲು: ಬೇರೆ ಕುಟುಂಬಗಳಿಗೆ ಮುಜುಗರವಾಗದಂತೆ ನಿಮ್ಮ ಊಟವನ್ನು ಕ್ಯಾಬಿನ್ನಿಗೇ ಕಳಿಸಲಾಗುವುದು. ಊಟದ ವಿಚಾರ ಅವಳು ಕೇಳಿರಲೇ ಇಲ್ಲ.

ಅವಳನ್ನು ಸಾಕಿ ಬೆಳೆಸಿದ ಗುರು ಚಂದ್ರವ್ವ ಸಮಾಧಾನ ಹೇಳಿದಳು. "ಕುಂತಲ್ಲಿಗೇ ಊಟ ಬರುತ್ತಂದ್ರೆ ಒಳ್ಳೇದಾತಲ್ಲವ್ವಾ."

"ಮದ್ವಿ ಮನ್ಯಾಗೂ ಪೊಟ್ಟಣ, ಹಡಗಿನಾಗೂ ಪೊಟ್ಟಣ ಏನು?" ಎಂದ ಇಂದುಮತಿ ನನ್ನೊಳಗಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದಳು. ಬೆಳಿಗ್ಗೆ ಒಂದೊಂದಾಗಿ ಮಡಚಿ ಮತ್ತೆ ತುಂಬಿದಳು.

ಹಡಗಿನ ಮೊದಲ ಮಧ್ಯಾಹ್ನ ತಟ್ಟೆ ಕ್ಯಾಬಿನ್ನಿನ ಬಾಗಿಲಿಗೆ ಬಂತು. ಅವಳು ಅದನ್ನು ಹಿಡಿದು ಊಟದ ಹಾಲಿಗೆ ಹೋದಳು. ಎರಡೇ ನಿಮಿಷಕ್ಕೆ ತಟ್ಟೆ ಅಲ್ಲೇ ಮೇಜಿನ ಮೇಲೆ ಬಿಟ್ಟು ಬರಿಗೈಲಿ ವಾಪಸಾಗಿ ನನ್ನ ಹಿಡಿಗೆ ಕೈ ಹಾಕಿ ದರದರ ಎಳೆದುಕೊಂಡು ಹೊರಟಳು. ಹಾಲಿನಲ್ಲಿ ಮೇಲ್ವಿಚಾರಕ ಅಡ್ಡ ನಿಂತಿದ್ದ.

"ಮೇಡಂ, ಆಗಲೇ ಹೇಳಿದೆನಲ್ಲ, ನಿಮ್ಮ ಹೆಸರಲ್ಲಿ ಕುರ್ಚಿ ಇಲ್ಲ."

"ಕುರ್ಚಿ ನಾನೇ ತಂದೀನಿ, ಅತ್ತ ಸರೀರಿ," ಎಂದಳು.

ಮೇಜಿನ ತುದಿಯಲ್ಲಿ ನನ್ನನ್ನು ನಿಲ್ಲಿಸಿ ಮೇಲೆ ಕೂತಳು. ಪಕ್ಕದ ಸಂಸಾರ ತಟ್ಟೆ ಸಮೇತ ಎದ್ದುಹೋಯಿತು. ಉಪ್ಪು ಕೇಳಿದರೆ ಯಾರೂ ಕೊಡಲಿಲ್ಲ, ಅವಳೇ ಎದ್ದು ತೆಗೆದುಕೊಂಡಳು. ಆದರೂ ತಟ್ಟೆ ಖಾಲಿ ಮಾಡಿಯೇ ಎದ್ದಳು. ಮೂರು ದಿನವೂ ಹಾಗೇ ಉಂಡಳು. ಅಷ್ಟು ದೊಡ್ಡ ಹಡಗಿನಲ್ಲಿ ಒಂದು ಕುರ್ಚಿ ಹುಟ್ಟಲಿಲ್ಲ. ಕೊನೆಯ ದಿನ ನನ್ನ ಚಕ್ರವೊಂದು ಮುರಿಯಿತು.

ಈಗ ನಾನು ಅವಳ ಹೊಲಿಗೆ ಯಂತ್ರದ ಪಕ್ಕ ಚಿಂದಿ ಬಟ್ಟೆ ತುಂಬಿಕೊಂಡು ಕೂತಿದ್ದೇನೆ. ನಾನು ಮುದುಕನಾದೆ. ಎಷ್ಟೋ ಊರಿಗೆ ಸಾಮಾನು ಹೊತ್ತಿದ್ದೇನೆ, ಒಬ್ಬ ಹೆಣ್ಣುಮಗಳಿಗೆ ಕೂರಲು ಜಾಗವಾದದ್ದು ಮಾತ್ರ ಆ ಮೂರು ದಿನ. ಹೆಮ್ಮೆಯಿದೆ. ಒಂದು ಕುರ್ಚಿ ಮಾಡಬೇಕಾದ ಕೆಲಸ ನನ್ನ ಪಾಲಿಗೆ ಬಂತಲ್ಲ ಎಂದು ಸಿಟ್ಟೂ ಇದೆ.

ಇಂದುಮತಿ ಅದೇ ಹಡಗಿಗೆ ಮತ್ತೆ ಟಿಕೆಟ್ ತೆಗೆಸಿದ್ದಾಳೆ. ಈ ಸಲ ಕಾಗದ ಬರೆದಿಲ್ಲ. "ಈ ಸೂಟ್‌ಕೇಸ್ ಒಯ್ಯಂಗಿಲ್ಲೇನು?" ಎಂದು ನಿನ್ನೆ ಚಂದ್ರವ್ವ ಕೇಳಿದಳು.

ಇಂದುಮತಿ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು, "ಬ್ಯಾಡ. ಕುರ್ಚಿ ಅವರು ಕೊಡ್ಲಿ."