ಗ್ಲೆನಿಸ್ ಸುಳ್ಳು ಬರೆಯುವುದಿಲ್ಲ

ಇಪ್ಪತ್ತೆರಡು ವರ್ಷದಲ್ಲಿ ಗ್ಲೆನಿಸ್ ಎಷ್ಟು ಹೆಂಗಸರು ಉಚ್ಚೆ ಹೊಯ್ಯುವುದನ್ನು ನಿಂತು ನೋಡಿದ್ದಳೋ ದೇವರಿಗೇ ಗೊತ್ತು. ಅದು ಅವಳ ಕೆಲಸ. ಪೋರ್ಟ್ ಆಗಸ್ಟಾ ದಾಟಿ ಅರ್ಧ ಗಂಟೆ ಹೋದರೆ ಸಿಗುವ ಆ ವ್ಯಸನಮುಕ್ತಿ ಕೇಂದ್ರದಲ್ಲಿ ಶುಕ್ರವಾರ ಬೆಳಿಗ್ಗೆ ಎಂದರೆ ಪರೀಕ್ಷೆ. ಬಾಗಿಲು ತೆರೆದಿರಬೇಕು, ಹೊಸ್ತಿಲಲ್ಲಿ ಒಬ್ಬರು ನಿಂತು ನೋಡುತ್ತಿರಬೇಕು, ಒಂದು ಗಂಟೆಯೊಳಗೆ ಪ್ಲಾಸ್ಟಿಕ್ ಬಟ್ಟಲು ತುಂಬಬೇಕು. ತುಂಬದಿದ್ದರೆ ಆ ಹೆಂಗಸು ಮತ್ತೆ ಐಸ್ ಎಂಬ ಅಮಲಿನ ಹರಳು ಸೇದಿದ್ದಾಳೆ ಎಂದೇ ಅರ್ಥ, ಬೇರೆ ಮಾತಿಲ್ಲ. ಹಿಂದೊಮ್ಮೆ ಒಬ್ಬಳು ತನ್ನ ಅಕ್ಕನದನ್ನು ಶಾಂಪೂ ಬಾಟಲಿಯಲ್ಲಿ ತಂದು ಕಂಕುಳಲ್ಲಿ ಬೆಚ್ಚಗೆ ಅವುಚಿಕೊಂಡಿದ್ದಳು. "ಏನೇ ಅದು, ಮೊಟ್ಟೆಗೆ ಕಾವು ಕೊಡ್ತಿದೀಯಾ?" ಎಂದು ಗ್ಲೆನಿಸ್ ಹಿಡಿದುಹಾಕಿದ ಕಥೆಯನ್ನು ಅಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಗ್ಲೆನಿಸಳೇನು ಆಕಾಶದಿಂದ ಉದುರಿದವಳಲ್ಲ. ಒಂದು ಕಾಲದಲ್ಲಿ ಬೆಳಗಿನ ಚಹಾದ ಲೋಟಕ್ಕೇ ರಮ್ ಸುರಿದುಕೊಳ್ಳುತ್ತಿದ್ದವಳು. ಬಾಯಿ ತೆರೆದರೆ ಬರೀ ಸುಳ್ಳು. ಸುಳ್ಳು ಬಿಟ್ಟ ದಿನವೇ ಕುಡಿತವೂ ಬಿಟ್ಟಿತು ಎಂದು ಅವಳ ನಂಬಿಕೆ. ಹಾಗೆ ಬಿಟ್ಟು ಬದುಕಿ ಉಳಿದವರ ಬಳಗದಲ್ಲಿ ಎಲ್ಲರದೂ ಅದೇ ನಂಬಿಕೆ: ಮುಚ್ಚಿಟ್ಟವಳು ಮತ್ತೆ ಕುಡಿಯುತ್ತಾಳೆ, ಬಿಚ್ಚಿ ಹೇಳಿದವಳು ಗೆಲ್ಲುತ್ತಾಳೆ. ಹಾಗಾಗಿ ಅವಳು ಕೇಳಿದ್ದನ್ನು ಕೇಳಿದಂತೆ, ಕಂಡದ್ದನ್ನು ಕಂಡಂತೆ ಕಡತದಲ್ಲಿ ಬರೆಯುತ್ತಿದ್ದಳು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ.

ಕಳೆದ ವರ್ಷ ಅಡಿಲೇಡಿನಲ್ಲಿ ನಾಲ್ಕು ದಿನ ತರಬೇತಿ ಕೊಟ್ಟರು. ಚಟದ ಹಿಂದೆ ಬಹಳ ಸಲ ಒಂದು ಹಳೆಯ ಗಾಯ ಇರುತ್ತದೆ, ವಾಸಿ ಮಾಡಲು ಹೊರಟವರೇ ಆ ಗಾಯಕ್ಕೆ ಮತ್ತೆ ಕೋಲು ಹಾಕಬಾರದು ಎಂದರು. ಗ್ಲೆನಿಸ್ ಕರವಸ್ತ್ರ ಒದ್ದೆಯಾಗುವಷ್ಟು ಅತ್ತಳು. ತಿರುಗಿ ಬಂದವಳು ಬೇರೆಯೇ ಹೆಂಗಸಾಗಿದ್ದಳು. ಕೋಣೆಗೆ ಬರುವ ಮುಂಚೆ ಬಾಗಿಲು ತಟ್ಟುವಳು, ಕೂರುವ ಮುಂಚೆ "ಇಲ್ಲಿ ಕೂತ್ಕೊಳ್ಲಾ ಬಂಗಾರ?" ಎನ್ನುವಳು. ಹುಡುಗಿಯರು ಬಿಡುತ್ತಾರೆಯೇ? "ಗ್ಲೆನಿಸ್, ಒಂದ್ಸಲ ಉಸಿರು ಬಿಡ್ಲಾ, ನಿನಗೇನೂ ಬೇಜಾರಿಲ್ವಲ್ಲಾ?" ಎಂದು ಊಟದ ಮೇಜಿನಲ್ಲಿ ಆಡಿಕೊಳ್ಳುತ್ತಿದ್ದರು.

ಟ್ಯಾರಿನ್ ಬಂದದ್ದು ಆಮೇಲೆ. ಮೂವತ್ತೊಂದು ವರ್ಷ, ಪೋರ್ಟ್ ಲಿಂಕನ್ನಿನಲ್ಲಿ ಟ್ಯೂನಾ ಮೀನು ಸೀಳುವ ಕೆಲಸ ಮಾಡಿದವಳು, ಕೈತುಂಬ ಕತ್ತಿಯ ಗೀರು. ಅವಳ ಆರು ವರ್ಷದ ಮಗಳು ಇಂಡಿ ವೈಯಾಲಾ ಊರಿನಲ್ಲಿ ಮಕ್ಕಳ ಇಲಾಖೆ ಒಪ್ಪಿಸಿದ ಯಾರದೋ ಮನೆಯಲ್ಲಿ ಬೆಳೆಯುತ್ತಿದ್ದಳು. ಹನ್ನೆರಡು ವಾರ ಪರೀಕ್ಷೆಯಲ್ಲಿ ಶುದ್ಧವಾಗಿ ಬಂದರೆ ಮಗಳು ತಾಯಿಯ ಮನೆಯಲ್ಲಿ ರಾತ್ರಿ ತಂಗಬಹುದು, ಅದು ಸರಿಹೋದರೆ ಮನೆಗೇ ಬರಬಹುದು ಎಂದು ನ್ಯಾಯಾಲಯ ಹೇಳಿತ್ತು. ಟ್ಯಾರಿನ್ ಬದುಕಿದ್ದದ್ದೇ ಅದಕ್ಕಾಗಿ.

ಮೊದಲ ಶುಕ್ರವಾರ ಹೊಸ್ತಿಲಲ್ಲಿ ನಿಂತ ಗ್ಲೆನಿಸಳ ಎದುರಿಗೆ ಅವಳು ಗಡಗಡ ನಡುಗಿದಳು. ವಾಂತಿ ಮಾಡಿಕೊಂಡಳು. ಐವತ್ತೆಂಟನೇ ನಿಮಿಷಕ್ಕೆ ನಾಲ್ಕು ಹನಿ ಬಿತ್ತು. ಶುದ್ಧವಾಗಿತ್ತು.

"ಏನಾಗಿತ್ತು ನಿನಗೆ? ಹೇಳ್ಬಿಡೇ, ಹಗುರ ಆಗ್ತೀಯ," ಎಂದಳು ಗ್ಲೆನಿಸ್.

"ಏನೂ ಇಲ್ಲ ಬಿಡು."

ಗ್ಲೆನಿಸ್ ಬಿಡುವ ಪೈಕಿಯಲ್ಲ. ಪ್ರತಿ ಶುಕ್ರವಾರವೂ ಅದೇ ಪಾಡು, ಕೊನೇ ಗಳಿಗೆಯಲ್ಲಿ ನಾಲ್ಕೇ ಹನಿ; ಐದು ವಾರ ಅವಳು ಚಹಾ ಕೊಟ್ಟಳು, ಪಕ್ಕದಲ್ಲಿ ಕೂತಳು, ತನ್ನ ಹಳೆಯ ಹೊಲಸನ್ನೆಲ್ಲ ತಾನೇ ಮೊದಲು ಹೇಳಿಕೊಂಡಳು. ಕೊನೆಗೆ ಟ್ಯಾರಿನ್ ಬಾಯಿಬಿಟ್ಟಳು. ಒಂಬತ್ತು ವರ್ಷದವಳಿದ್ದಾಗ ಅವಳನ್ನು ಅನಾಥ ಮಕ್ಕಳ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿನ ಮೇಲ್ವಿಚಾರಕ ಬಚ್ಚಲಿನ ಚಿಲಕ ಕಿತ್ತುಹಾಕಿದ್ದ. ದಿನಾ ಸಂಜೆ ಬಂದು ಹೊಸ್ತಿಲಲ್ಲಿ ನಿಲ್ಲುತ್ತಿದ್ದ. ಕೆಲವು ದಿನ ನಿಂತಷ್ಟಕ್ಕೇ ಬಿಡುತ್ತಿರಲಿಲ್ಲ. ನಾಲ್ಕು ವರ್ಷ.

"ಯಾರಿಗೂ ಹೇಳಿರ್ಲಿಲ್ಲ. ಈಗೇನಾಗುತ್ತೆ?"

"ಒಳ್ಳೇದಾಗುತ್ತೆ ಬಂಗಾರ. ನನ್ನ ನಂಬು."

ಅವತ್ತು ಮಧ್ಯಾಹ್ನವೇ ಗ್ಲೆನಿಸ್ ಎರಡು ಪುಟ ಬರೆದಳು. ಮ್ಯಾನೇಜರನ ಹತ್ತಿರ ಹೋಗಿ ಮೇಜು ಕುಟ್ಟಿ ಜಗಳವಾಡಿದಳು. ಗೆದ್ದಳು ಕೂಡ. ಟ್ಯಾರಿನ್ ಬಚ್ಚಲಿಗೆ ಹೋಗಬೇಕಾಗಿಲ್ಲ, ಕಡ್ಡಿಯಿಂದ ಎಂಜಲು ತೆಗೆದು ಪರೀಕ್ಷಿಸಿದರೆ ಸಾಕು ಎಂದಾಯಿತು. ಮುಂದಿನ ಆರು ಶುಕ್ರವಾರವೂ ಶುದ್ಧ. ಟ್ಯಾರಿನ್ ಮೈಕೈ ತುಂಬಿಕೊಂಡಳು, ನಿದ್ದೆ ಮಾಡಿದಳು, ಇಂಡಿಯ ಹಾಸಿಗೆಗೆಂದು ಹಳದಿ ಹೊದಿಕೆ ಹೆಣೆಯಲು ಕೂತಳು. ಗ್ಲೆನಿಸಳಿಗೆ ಹೆಮ್ಮೆಯೋ ಹೆಮ್ಮೆ.

ಹನ್ನೊಂದನೇ ವಾರ ಮುಗಿದ ಮೇಲೆ ಮಕ್ಕಳ ಇಲಾಖೆಯಿಂದ ಕಾಗದ ಬಂತು. ನ್ಯಾಯಾಲಯ ಕೇಂದ್ರದ ಕಡತ ತರಿಸಿಕೊಂಡಿತ್ತು, ಇಲಾಖೆಯವರು ಅದನ್ನು ಓದಿದ್ದರು. ಕಾಗದದಲ್ಲಿದ್ದದ್ದು ಇಷ್ಟು: ತಾಯಿಗೆ ಬಚ್ಚಲುಮನೆಯಲ್ಲಿ ತೀವ್ರ ಭಯ ಕಾಡುತ್ತದೆ, ಬಾಗಿಲಲ್ಲಿ ಯಾರಾದರೂ ನಿಂತರೆ ತಾನೆಲ್ಲಿದ್ದೇನೆ ಎಂಬ ಅರಿವು ತಪ್ಪುತ್ತದೆ. ಆರು ವರ್ಷದ ಹುಡುಗಿಯನ್ನು ಸ್ನಾನಕ್ಕೆ ಇವಳ ಕೈಗೆ ಒಪ್ಪಿಸುವುದು ಸುರಕ್ಷಿತವಲ್ಲ. ರಾತ್ರಿ ತಂಗುವುದಕ್ಕೆ ಇಲಾಖೆಯ ಒಪ್ಪಿಗೆ ಇಲ್ಲ. ಸೋಮವಾರ ವಿಚಾರಣೆ.

ಟ್ಯಾರಿನ್ ಕಾಗದವನ್ನು ಗ್ಲೆನಿಸಳ ಮೇಜಿನ ಮೇಲೆ ಇಟ್ಟಳು. "'ಅರಿವು ತಪ್ಪುತ್ತದೆ' ಅಂತ ಇದೆಯಲ್ಲ, ಈ ಮಾತು ಯಾರದು?"

ಗ್ಲೆನಿಸಳ ಮುಖ ಪೆಚ್ಚಾಯಿತು. "ನನ್ನದು. ನಿನಗೆ ಕಡ್ಡಿ ಪರೀಕ್ಷೆ ಕೊಡಿಸ್ಬೇಕಿತ್ತಲ್ಲ ಕಣೇ, ಅದಕ್ಕೆ..."

"ಆ ಪುಟ ಹರಿದ್ಹಾಕು."

"ಹರಿಯಕ್ಕಾಗಲ್ಲ."

"ಹಂಗಾದ್ರೆ ವಾಸಿಯಾಗಿದೆ ಅಂತ ಹೊಸದು ಬರಿ."

"ವಾಸಿಯಾದ್ರೆ ಬರೀತೀನಿ," ಎಂದಳು ಗ್ಲೆನಿಸ್. ಅಯ್ಯೋ, ಆ ಮಾತನ್ನು ಎಷ್ಟು ಮೆತ್ತಗೆ, ಎಷ್ಟು ಕರುಣೆಯಿಂದ ಹೇಳಿದಳು ಪುಣ್ಯಾತ್ಗಿತ್ತಿ!

"ಸರಿ. ಶುಕ್ರವಾರ ನನಗೆ ಹಳೇ ಪರೀಕ್ಷೆನೇ ಇಡು. ಬಾಗಿಲು ತೆಗೆದು. ಏನೂ ತೊಂದರೆ ಆಗ್ಲಿಲ್ಲ ಅಂತ ಬರೀವಂತೆ."

ಗ್ಲೆನಿಸ್ ಬೇಡ ಎಂದು ಬೇಡಿಕೊಂಡಳು. ಆದರೆ ರೋಗಿಯ ಆಯ್ಕೆಯನ್ನು ಗೌರವಿಸಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರಲ್ಲ? ಟ್ಯಾರಿನ್ ಹಳೆಯ ಪರೀಕ್ಷೆಗೆ ಒಪ್ಪಿ ಸಹಿ ಹಾಕಿದಳು. ಸಹಿ ಹಾಕಿದ ಮೇಲೆ ಹಳೆಯ ನಿಯಮ ಪೂರ್ತಿಯಾಗಿ ಅನ್ವಯ, ಆ ಒಂದು ಗಂಟೆಯೂ ಸೇರಿ.

ಶುಕ್ರವಾರ ಎಂಟು ಗಂಟೆಗೆ ಟ್ಯಾರಿನ್ ಮೂರು ಬಾಟಲಿ ನೀರು ಕುಡಿದು ಕೂತಳು. ಗ್ಲೆನಿಸ್ ಹೊಸ್ತಿಲಲ್ಲಿ ನಿಂತಳು.

ಹದಿನೈದು ನಿಮಿಷವಾದರೂ ಬಟ್ಟಲಿಗೆ ಒಂದು ಹನಿ ಬೀಳಲಿಲ್ಲ.

"ನಾನು ಆಕಡೆ ತಿರುಗ್ಲಾ?"

"ತಿರುಗಿದ್ರೆ ತಿರುಗಿದೆ ಅಂತ ಬರೀತೀಯಾ?"

"ಹೂಂ."

"ಹಂಗಾದ್ರೆ ಮುಚ್ಕೊಂಡು ನೋಡ್ತಾ ನಿಂತ್ಕೋ."

ನಲವತ್ತು ನಿಮಿಷಕ್ಕೆ ಹೊಟ್ಟೆ ಕಲ್ಲಿನ ಹಾಗೆ ಉಬ್ಬಿತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವಳು ಗೋಡೆಯ ಬಿಲ್ಲೆಗಳನ್ನು ಒಂದೊಂದಾಗಿ ಎಣಿಸಲು ತೊಡಗಿದಳು. ಎಣಿಸುತ್ತ ಎಣಿಸುತ್ತ ದನಿ ತೆಳ್ಳಗಾಯಿತು, ಸಣ್ಣ ಹುಡುಗಿಯ ದನಿಯಾಯಿತು.

"ಆಯ್ತು ಸರ್," ಎಂದಳು. "ಆಗೋಯ್ತು ಸರ್. ಇನ್ನೊಂದೇ ನಿಮಿಷ. ಹತ್ರ ಬರ್ಬೇಡಿ ಸರ್."

ತಾನು ಈಗ ಯಾರು ನಿಂತ ಜಾಗದಲ್ಲಿ ನಿಂತಿದ್ದೇನೆ ಎಂದು ಗ್ಲೆನಿಸಳಿಗೆ ಚೆನ್ನಾಗಿ ಗೊತ್ತಾಯಿತು. ಅಳು ಉಕ್ಕಿ ಬಂತು. ಅಳುತ್ತಲೇ ನಿಂತಳು, ಹೊಸ್ತಿಲು ಬಿಟ್ಟು ಕದಲಲಿಲ್ಲ.

ಒಂಬತ್ತು ಗಂಟೆಯಾಯಿತು. ಬಟ್ಟಲು ಖಾಲಿಯೇ ಇತ್ತು. ಟ್ಯಾರಿನ್ ತಲೆ ಎತ್ತಿದಳು, ಎದುರಿಗಿರುವುದು ಗ್ಲೆನಿಸ್ ಎಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಗ್ಲೆನಿಸಳ ಜೇಬಿನಲ್ಲೇ ಎಂಜಲಿನ ಕಡ್ಡಿ ಇತ್ತು. ಅದನ್ನು ಬಳಸಿದರೆ ಬಳಸಿದೆ ಎಂದು ಬರೆಯಬೇಕು, ಆಗ ಭಯ ವಾಸಿಯಾಗಿಲ್ಲ ಎಂದು ಇಲಾಖೆಗೆ ತಿಳಿಯುತ್ತದೆ. ಬಳಸದಿದ್ದರೆ ಐಸ್ ಸೇದಿದಳು ಎಂದಾಗುತ್ತದೆ. ಎರಡರಲ್ಲೂ ಮಗು ಹೋಯಿತು. ಸುಳ್ಳು ಬರೆದರೆ ಮಾತ್ರ ಉಳಿಯಬಹುದು.

"ಒಂದ್ ಸಾಲು ಗ್ಲೆನಿಸ್," ಎಂದಳು ಟ್ಯಾರಿನ್. "ಆಯ್ತು, ಸರಿಯಾಗಿ ಕೊಟ್ಟಳು ಅಂತ ಬರಿ. ಬಟ್ಟಲು ನಾನು ಕೋಣೆಗೆ ಹೋಗಿ ತುಂಬಿ ತಂದ್ಕೊಡ್ತೀನಿ. ನಾನು ಶುದ್ಧವಾಗಿದೀನಿ ಅಂತ ನಿನಗೇ ಗೊತ್ತಲ್ಲ. ನಿನ್ ಕಾಲಿಗೆ ಬೀಳ್ತೀನಿ."

"ಒಂದು ಸುಳ್ಳು ಬರೆದ್ರೆ ನಾನು ಸಂಜೆ ಒಳಗೆ ಬಾಟ್ಲಿ ಹಿಡೀತೀನಿ ಕಣೇ. ನನಗೆ ಗೊತ್ತು ನನ್ನ ಹಣೇಬರಹ."

ಇರಬಹುದು. ಅದೂ ನಿಜವೇ ಇರಬಹುದು. ಆದರೆ ಕುಡಿದರೆ ಕುಡಿಯಲಿ, ಹಾಳಾಗಿ ಹೋಗಲಿ, ಅವಳಿಗೆ ಅರವತ್ತು ವರ್ಷ. ಆ ಮಗುವಿಗೆ ಆರು!

ಟ್ಯಾರಿನ್ ಎದ್ದು ಪ್ಯಾಂಟು ಮೇಲೆಳೆದುಕೊಂಡಳು. ಗುಂಡಿ ಹಾಕದೆ ಹಾಗೇ ಹಿಡಿದುಕೊಂಡು ನಿಂತಳು.

"ಅವನೂ ನಿನ್ ಥರಾನೇ ಕೊನೇ ತನಕ ನಿಂತಿರ್ತಿದ್ದ," ಎಂದಳು. "ಆದ್ರೆ ಅವನು ಅದನ್ನ ಬರೆದಿಡ್ತಿರ್ಲಿಲ್ಲ."

ಅವಳು ಹೊರಗೆ ಹೋದಳು. ಗ್ಲೆನಿಸ್ ಕಣ್ಣು ಒರೆಸಿಕೊಂಡು ಮೇಜಿಗೆ ಬಂದು ಕಡತ ತೆಗೆದಳು. ಸಮಯ ಒಂಬತ್ತು ಗಂಟೆ ನಾಲ್ಕು ನಿಮಿಷ. ಮಾದರಿ ಕೊಡಲಿಲ್ಲ. ಸುಳ್ಳು ಬರೆಯುವಂತೆ ಸಿಬ್ಬಂದಿಯನ್ನು ಒತ್ತಾಯಿಸಿದಳು. ಆಮೇಲೆ, ಕೇಳಿದ್ದನ್ನು ಬಿಡುವ ಅಭ್ಯಾಸ ಅವಳಿಗಿಲ್ಲವಾದ್ದರಿಂದ, ಟ್ಯಾರಿನ್ ಕೊನೆಯಲ್ಲಿ ಹೇಳಿದ ಮಾತನ್ನೂ ಒಂದಕ್ಷರ ಬಿಡದೆ ಬರೆದು, ಕೆಳಗೆ ಸಹಿ ಹಾಕಿದಳು.